ಓದುಗರ ಪ್ರಶ್ನೆ: ಕೋಹಾ ಸೇವೆ ಕೊಡುವವರ ಪಟ್ಟಿಗೆ ಯಾರನ್ನು ಸೇರಿಸಬೇಕು, ಏನು ಷರತ್ತು ಇಡಬೇಕು?

ಪ್ರಶ್ನೆ: ಸರ್, ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳ ಕಾಲೇಜು ಗ್ರಂಥಪಾಲಕರು ಸೇರಿ, ಕೋಹಾ ಎಂಬ ಲೈಬ್ರರಿ ತಂತ್ರಾಂಶ ಬಳಸುವವರ ಒಂದು ಬಳಗ ಮಾಡಿಕೊಂಡಿದ್ದೇವೆ. ಕೋಹಾ ಹಾಕಿಕೊಡುವವರು ಯಾರಿದ್ದಾರೆ, ಕೆಟ್ಟರೆ ನೋಡುವವರು ಯಾರಿದ್ದಾರೆ ಅಂತ ದಿನಾ ಯಾರಾದರೂ ಕೇಳುತ್ತಾರೆ. ಒಂದು ಪಟ್ಟಿ ಮಾಡೋಣ ಅಂದುಕೊಂಡೆವು. ಅಷ್ಟರಲ್ಲೇ ನಾಲ್ಕೈದು ಮಂದಿ ಫೋನ್ ಮಾಡಿ “ನಮ್ಮ ಹೆಸರೂ ಹಾಕ್ರಿ ಮೇಡಂ” ಅಂತಿದ್ದಾರೆ. ಯಾರನ್ನು ಸೇರಿಸಬೇಕು, ಯಾರನ್ನು ಬಿಡಬೇಕು? ಫೀ ತಗೊಳ್ಳಬಹುದಾ?
ಒಬ್ಬ ಗ್ರಂಥಪಾಲಕಿ, ಸಿಂಧನೂರು

ಉತ್ತರ: ಪಟ್ಟಿ ಮಾಡಿ ಮೇಡಂ, ತಡ ಮಾಡಬೇಡಿ. ನಮ್ಮ ಕಡೆ ಇದು ಬೇಕೇ ಬೇಕು. ಈಗ ಏನಾಗುತ್ತಿದೆ ಅಂದರೆ, ಯಾರೋ ಒಬ್ಬ ಹುಡುಗನ ನಂಬರು ಒಬ್ಬರಿಂದ ಇನ್ನೊಬ್ಬರಿಗೆ ಹೋಗುತ್ತಾ ಇರುತ್ತದೆ. ಅವನು ಬೆಂಗಳೂರಿಗೆ ಕೆಲಸಕ್ಕೆ ಹೋದ ದಿನ ಹತ್ತು ಕಾಲೇಜಿನವರು ಕೈ ಚೆಲ್ಲಿ ಕೂರುತ್ತಾರೆ.

ಷರತ್ತು ಬರೆಯುವ ಮೊದಲು ಒಂದು ವಿಷಯ ನಿಮ್ಮ ಬಳಗದೊಳಗೆ ಇತ್ಯರ್ಥ ಮಾಡಿಕೊಳ್ಳಿ. ಈ ಪಟ್ಟಿ ಯಾರ ಕೈಗೆ ಹೋಗುತ್ತದೆ? ಲಿಂಗಸುಗೂರಿನಲ್ಲೋ ಕುಷ್ಟಗಿಯಲ್ಲೋ ಇರುವ, ಸರ್ವರ್ ಬಗ್ಗೆ ಜಾಸ್ತಿ ಗೊತ್ತಿಲ್ಲದ, ನಾಳೆ ಪ್ರಿನ್ಸಿಪಾಲರಿಗೆ ಉತ್ತರ ಕೊಡಬೇಕಾದ ಒಬ್ಬ ಗ್ರಂಥಪಾಲಕರ ಕೈಗೆ. ಒಂದೊಂದು ಷರತ್ತು ಬರೆಯುವಾಗಲೂ ಅವರ ಜಾಗದಲ್ಲಿ ನಿಂತು ನೋಡಿ. ಅವರ ಪುಸ್ತಕದ ಮಾಹಿತಿ ಕಳೆಯಬಾರದು. ಇವತ್ತು ಕರೆಸಿದವರು ಸರಿ ಬರದಿದ್ದರೆ ನಾಳೆ ಇನ್ನೊಬ್ಬರನ್ನು ಕರೆಸಲು ಆಗಬೇಕು. ನನ್ನ ಲೆಕ್ಕದಲ್ಲಿ ಉಳಿದ ಷರತ್ತೆಲ್ಲ ಇದರ ಹಿಂದೆ ಬರುವಂಥವು.

ಕೋಹಾ ಗೊತ್ತಿಲ್ಲದವರಿಗೆ ಎರಡು ಮಾತು. ಇದು ಲೈಬ್ರರಿಯ ಕೆಲಸಕ್ಕೆ ಬಳಸುವ ಮುಕ್ತ ತಂತ್ರಾಂಶ. ನ್ಯೂಜಿಲೆಂಡಿನ ಹೊರೋವೆನುವಾ ಲೈಬ್ರರಿ ಟ್ರಸ್ಟಿಗಾಗಿ ಕಟಿಪೊ ಎಂಬ ಕಂಪನಿ 1999ರಲ್ಲಿ ಬರೆದದ್ದು. 2000ದ ಜನವರಿಯಲ್ಲಿ ಬಳಕೆಗೆ ಬಂತು. ಮಾವೊರಿ ಭಾಷೆಯಲ್ಲಿ ಕೋಹಾ ಅಂದರೆ ಉಡುಗೊರೆ, ಅದೂ ತಿರುಗಿ ಕೊಡುವ ಋಣ ಇರುವ ಉಡುಗೊರೆ. ನಮ್ಮ ಮದುವೆಗಳಲ್ಲಿ ಮುಯ್ಯಿ ಮಾಡುತ್ತೇವಲ್ಲ, ಹೆಚ್ಚು ಕಡಿಮೆ ಅದೇ. ತಂತ್ರಾಂಶ ಪುಕ್ಕಟೆ, ಆದರೆ ಅದನ್ನು ಹಾಕಿಕೊಡುವ, ಹಳೆಯ ಮಾಹಿತಿ ತುಂಬುವ, ಕೆಟ್ಟಾಗ ಓಡಿ ಬರುವ ಕೆಲಸಕ್ಕೆ ದುಡ್ಡು ಕೊಡಲೇಬೇಕು. ಅದರಲ್ಲಿ ತಪ್ಪೇನೂ ಇಲ್ಲ. ಕೋಹಾದ ಜಿಪಿಎಲ್ ಎಂಬ ಮುಕ್ತ ತಂತ್ರಾಂಶ ಪರವಾನಗಿಯೂ ಅದಕ್ಕೆ ಅಡ್ಡ ಬರುವುದಿಲ್ಲ.

ಈಗ ಮೊದಲ ಷರತ್ತು ಯಾಕೆ ಬ್ಯಾಕಪ್ ಬಗ್ಗೆಯೇ ಇರಬೇಕು ಅಂತ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಗಂಗಾವತಿ ಕಡೆಯ ಒಂದು ಕಾಲೇಜಿನಿಂದ ಫೋನ್ ಬಂತು. ಸರ್ವರಿನ ಹಾರ್ಡ್ ಡಿಸ್ಕ್ ಸತ್ತಿತ್ತು. “ಬ್ಯಾಕಪ್ ಐತ್ರಿ ಸರ್, ದಿನಾ ರಾತ್ರಿ ತಾನಾಗೇ ಆಗತೈತಿ” ಅಂತ ಗ್ರಂಥಪಾಲಕರು ಧೈರ್ಯವಾಗಿದ್ದರು. ಗಾಡ್ರೇಜ್ ಬೀರುವಿನಿಂದ ಒಂದು ಹೊರಗಿನ ಡಿಸ್ಕ್ ತಂದುಕೊಟ್ಟರು. ತೆರೆದರೆ ಸಾಲಾಗಿ ಫೈಲುಗಳು. ದಿನಕ್ಕೊಂದರಂತೆ, ತಾರೀಖಿನ ಸಮೇತ, ಒಂದು ದಿನವೂ ತಪ್ಪಿಲ್ಲ. ಗಾತ್ರದ ಕಡೆ ಕಣ್ಣು ಹೋಯಿತು. ಪ್ರತಿ ಫೈಲೂ 20 ಬೈಟ್. ಏನೂ ಇಲ್ಲದ್ದನ್ನು ಜಿಜಿಪ್ ಮಾಡಿದರೆ, ಅಂದರೆ ಒತ್ತಿ ಚಿಕ್ಕದು ಮಾಡಿದರೆ, ಬರುವ ಗಾತ್ರ ಅದು. ಯಾವಾಗಲೋ ಡೇಟಾಬೇಸಿನ ಪಾಸ್‌ವರ್ಡ್ ಬದಲಾಗಿತ್ತು, ಬ್ಯಾಕಪ್ಪಿನ ಸ್ಕ್ರಿಪ್ಟಿನಲ್ಲಿ ಹಳೆಯದೇ ಉಳಿದಿತ್ತು. ರಾತ್ರಿ ರಾತ್ರಿ ಖಾಲಿ ಡಬ್ಬಿಗೆ ಮುಚ್ಚಳ ಹಾಕಿ ಇಟ್ಟ ಹಾಗೆ ಆಗಿತ್ತು. ಹಾಕಿಕೊಟ್ಟವರ ನಂಬರು ಸ್ವಿಚ್ ಆಫ್. ಆ ಗ್ರಂಥಪಾಲಕರು ಬಂದ ಪುಸ್ತಕಗಳನ್ನೆಲ್ಲ ಬರೆದಿಡುವ ಅಕ್ಸೆಷನ್ ರಿಜಿಸ್ಟರ್ ಬಿಚ್ಚಿಟ್ಟುಕೊಂಡು ಮೊದಲ ಪುಸ್ತಕದಿಂದ ಮತ್ತೆ ಟೈಪ್ ಮಾಡಿದರು. ನಾನು ಎರಡನೇ ಸಲ ಹೋದಾಗಲೂ ಅದೇ ಕೆಲಸ ನಡೆದಿತ್ತು.

ಹಾಗಾಗಿ “ಬ್ಯಾಕಪ್ ತೆಗೆದುಕೊಡುತ್ತೇವೆ” ಎಂಬ ಮಾತನ್ನು ಷರತ್ತಾಗಿ ಬರೆಯಬೇಡಿ. “ಬ್ಯಾಕಪ್ಪಿನಿಂದ ತಿರುಗಿ ಎಬ್ಬಿಸಿ ತೋರಿಸಿರಬೇಕು” ಅಂತ ಬರೆಯಿರಿ. ಪಟ್ಟಿಗೆ ಸೇರುವವರು ತಾವು ಸೇವೆ ಕೊಡುವ ಒಂದು ಲೈಬ್ರರಿಯ ಬ್ಯಾಕಪ್ ಫೈಲನ್ನು, ಆ ಲೈಬ್ರರಿಯವರ ಒಪ್ಪಿಗೆ ಪಡೆದು, ಬೇರೊಂದು ಕಂಪ್ಯೂಟರಿನಲ್ಲಿ ಹಾಕಿ, ನಿಮ್ಮಲ್ಲಿ ಇಬ್ಬರ ಎದುರು ಕೋಹಾ ತೆರೆದು ತೋರಿಸಲಿ. ಅರ್ಧ ದಿನದ ಕೆಲಸ. ತೆರೆದ ಮೇಲೆ ಕನ್ನಡ ಪುಸ್ತಕಗಳನ್ನೇ ಹುಡುಕಿ ನೋಡಿ. ಒತ್ತಕ್ಷರ ಇರುವ ಹೆಸರು ಹಾಕಿ, ಶ್ರೀ, ಕೃಷ್ಣ, ರಾಷ್ಟ್ರ. ಅಕ್ಷರದ ಜಾಗದಲ್ಲಿ ಬರೀ ???? ಬಂದರೆ ಎನ್‌ಕೋಡಿಂಗ್ (ಕಂಪ್ಯೂಟರ್ ಅಕ್ಷರಗಳನ್ನು ಉಳಿಸುವ ರೀತಿ) ಎಲ್ಲೋ ಹಾಳಾಗಿದೆ ಅಂತ ಅರ್ಥ. ಇಂಗ್ಲಿಷ್ ಪುಸ್ತಕ ನೋಡಿ ಸಮಾಧಾನ ಮಾಡಿಕೊಂಡರೆ ಇದು ಗೊತ್ತೇ ಆಗುವುದಿಲ್ಲ.

ಅದರ ಜೊತೆಗೇ ಬರುವುದು ಕೀಲಿಕೈ ವಿಷಯ. ಸರ್ವರಿನ ಮುಖ್ಯ (ರೂಟ್) ಪಾಸ್‌ವರ್ಡ್, ಡೇಟಾಬೇಸಿನ ಪಾಸ್‌ವರ್ಡ್ ಎರಡೂ ಕಾಲೇಜಿನ ಬಳಿ ಲಕೋಟೆಯಲ್ಲಿ ಇರಬೇಕು. ಡೊಮೇನ್ ಹೆಸರು ಕಾಲೇಜಿನ ಹೆಸರಿನಲ್ಲೇ ನೋಂದಣಿ ಆಗಿರಬೇಕು. ಇದು ಅತಿಯಾಯಿತು ಅನ್ನಿಸಿದರೆ ಕೋಹಾ ಸಮುದಾಯಕ್ಕೇ ಏನಾಯಿತು ಅಂತ ಕೇಳಿ. ಅದರ ಹಳೆಯ ವಿಳಾಸ ಕೋಹಾ ಡಾಟ್ ಆರ್ಗ್ ಒಂದು ಸೇವಾ ಕಂಪನಿಯ ಕೈಯಲ್ಲಿ ಉಳಿದುಹೋಯಿತು. ಸಮುದಾಯದವರು ಕೋಹಾ-ಕಮ್ಯುನಿಟಿ ಡಾಟ್ ಆರ್ಗ್ ಅಂತ ಹೊಸ ವಿಳಾಸಕ್ಕೆ ಮನೆ ಬದಲಾಯಿಸಬೇಕಾಯಿತು. 2011ರಲ್ಲಿ ನ್ಯೂಜಿಲೆಂಡಿನಲ್ಲಿ ‘ಕೋಹಾ’ ಎಂಬ ಹೆಸರಿನ ಟ್ರೇಡ್‌ಮಾರ್ಕೇ ಒಂದು ಕಂಪನಿಗೆ ಸಿಗುವ ಹಂತಕ್ಕೆ ಬಂತು. ಕೋಹಾ ಹುಟ್ಟಿದ ಆ ಲೈಬ್ರರಿ ಟ್ರಸ್ಟೇ ಮುಂದೆ ಬಂದು ತಕರಾರು ಹೂಡಬೇಕಾಯಿತು. ಅಷ್ಟು ದೊಡ್ಡ ಬಳಗಕ್ಕೇ ಹೀಗಾದರೆ ನಮ್ಮದೇನು ಲೆಕ್ಕ, ಅಲ್ವಾ? ನಿಮ್ಮ ಪಟ್ಟಿಯಲ್ಲಿರುವ ಯಾರೂ ತಮ್ಮನ್ನು ‘ಅಧಿಕೃತ ಕೋಹಾ ಕೇಂದ್ರ’ ಅಂತ ಕರೆದುಕೊಳ್ಳಬಾರದು ಅಂತಲೂ ಒಂದು ಸಾಲು ಸೇರಿಸಿ.

ಕೆಲವರು ಸರ್ವರ್ ತಮ್ಮಲ್ಲೇ ಇಟ್ಟುಕೊಂಡು ವರ್ಷಕ್ಕಿಷ್ಟು ಅಂತ ದುಡ್ಡು ತಗೊಳ್ಳುತ್ತಾರೆ. ಸಣ್ಣ ಕಾಲೇಜಿಗೆ ಇದು ಅನುಕೂಲವೇ. ಆದರೆ ಇಲ್ಲೊಂದು ಸಂದು ಇದೆ. ತಂತ್ರಾಂಶದ ಪ್ರತಿಯನ್ನು ನಿಮ್ಮ ಕೈಗೆ ಕೊಟ್ಟವರು ಅದರ ಮೂಲ ಬರಹವಾದ ಸೋರ್ಸ್ ಕೋಡನ್ನೂ ಕೊಡಬೇಕು ಅಂತ ಜಿಪಿಎಲ್ ಹೇಳುತ್ತದೆ. ತಮ್ಮ ಸರ್ವರಿನಲ್ಲಿ ಇಟ್ಟುಕೊಂಡು ನಿಮಗೆ ಬ್ರೌಸರಿನಲ್ಲಿ ತೋರಿಸಿದರೆ ಪ್ರತಿ ಕೊಟ್ಟ ಹಾಗೆ ಆಗುವುದಿಲ್ಲ. ಅವರು ಕೋಹಾದಲ್ಲಿ ಮಾಡಿಕೊಂಡ ಬದಲಾವಣೆಯನ್ನು ಕೊಡಿ ಅಂತ ಪರವಾನಗಿ ಹಿಡಿದು ಕೇಳಲು ಬರುವುದಿಲ್ಲ. ಆಗ ನಿಮ್ಮ ಷರತ್ತೇ ಕೆಲಸಕ್ಕೆ ಬರಬೇಕು: ಕಾಲೇಜು ಕೇಳಿದ 15 ದಿನದೊಳಗೆ ಪೂರ್ತಿ ಡೇಟಾಬೇಸ್, ಪುಸ್ತಕಗಳ ಮಾರ್ಕ್ ಫೈಲ್ (ಲೈಬ್ರರಿಗಳು ಪುಸ್ತಕದ ವಿವರ ಇಡುವ ನಮೂನೆ), ತಾವು ಮಾಡಿದ ಬದಲಾವಣೆ ಎಲ್ಲವನ್ನೂ ಕೊಡಬೇಕು, ಅದಕ್ಕೆ ಬೇರೆ ದುಡ್ಡು ಕೇಳಬಾರದು. ಬರೀ ಎಕ್ಸೆಲ್ ಹಾಳೆ ಕೊಟ್ಟರೆ ಯಾರ ಬಳಿ ಯಾವ ಪುಸ್ತಕ ಇದೆ ಎಂಬ ಲೆಕ್ಕವೆಲ್ಲ ಹೋಗಿಬಿಡುತ್ತದೆ.

ಅನುಭವ ಹೇಗೆ ನೋಡುವುದು? ಸರ್ಟಿಫಿಕೇಟ್ ಕೇಳಬೇಡಿ. ಎರಡು ಲೈಬ್ರರಿಯ ಹೆಸರು ಕೇಳಿ, ನೀವೇ ಫೋನ್ ಮಾಡಿ. ಕೋಹಾ ಯಾವ ಆವೃತ್ತಿ ಇದೆ ಅಂತ ವಿಚಾರಿಸಿ. ಕೋಹಾದ ಹೊಸ ಆವೃತ್ತಿ ವರ್ಷಕ್ಕೆ ಎರಡು ಸಲ, ಮೇ ಮತ್ತು ನವೆಂಬರಿನಲ್ಲಿ ಬರುತ್ತದೆ. ಆವೃತ್ತಿಯ ಸಂಖ್ಯೆಯೇ ವರ್ಷ, ತಿಂಗಳು. 23.11 ಅಂದರೆ 2023ರ ನವೆಂಬರ್. ಹಾಕಿಕೊಟ್ಟ ದಿನದ ಆವೃತ್ತಿಯೇ ನಾಲ್ಕು ವರ್ಷ ಆದರೂ ಕೂತಿದ್ದರೆ, ವರ್ಷ ವರ್ಷ ನಿರ್ವಹಣೆಯ (ಎಎಂಸಿ) ದುಡ್ಡು ಯಾತಕ್ಕೆ ಹೋಯಿತು ಅಂತ ಕೇಳಲೇಬೇಕು.

ಇನ್ನು ಇಡಬಾರದ ಷರತ್ತುಗಳು. ಜಿಎಸ್‌ಟಿ ನಂಬರ್ ಕಡ್ಡಾಯ ಮಾಡಬೇಡಿ. ಸೇವೆ ಕೊಡುವವರಿಗೆ ನಮ್ಮ ರಾಜ್ಯದಲ್ಲಿ ವರ್ಷಕ್ಕೆ 20 ಲಕ್ಷದ ವಹಿವಾಟು ದಾಟುವವರೆಗೆ ಸಾಮಾನ್ಯವಾಗಿ ನೋಂದಣಿ ಬೇಕಾಗುವುದಿಲ್ಲ. ಮಾನ್ವಿಯಲ್ಲಿ ಕೂತು ಐದಾರು ಕಾಲೇಜು ನೋಡಿಕೊಳ್ಳುವ ಹುಡುಗಿ ಆ ಲೆಕ್ಕದ ಹತ್ತಿರವೂ ಬರುವುದಿಲ್ಲ. ಕಂಪನಿ ನೋಂದಣಿ, ಇಷ್ಟು ಕೋಟಿ ವಹಿವಾಟು, ಇಷ್ಟು ಮಂದಿ ನೌಕರರು ಅಂತೆಲ್ಲ ಬರೆದರೆ ಪಟ್ಟಿಯಲ್ಲಿ ದೂರದ ದೊಡ್ಡ ಊರಿನವರು ಮಾತ್ರ ಉಳಿಯುತ್ತಾರೆ. ಸರ್ವರ್ ಬಿದ್ದ ದಿನ ದೇವದುರ್ಗಕ್ಕೆ ಬಸ್ ಹತ್ತಿ ಬರುವವರು ಯಾರು? ನನಗೆ ಈ ವಿಷಯದಲ್ಲಿ ಪಕ್ಷಪಾತ ಇದೆ, ಮುಚ್ಚಿಡುವುದಿಲ್ಲ. ನಮ್ಮ ಭಾಗದ ಕಾಲೇಜುಗಳಲ್ಲಿ ಓದಿದವರಿಗೆ ನಮ್ಮ ಊರಲ್ಲೇ ಕೆಲಸ ಹುಟ್ಟಬೇಕು.

ಫೀ ಬೇಡ. ತಗೊಂಡ ಕೂಡಲೇ ಅದು ಜಾಹೀರಾತು ಆಗುತ್ತದೆ, ಹೆಸರು ತೆಗೆಯಬೇಕಾದಾಗ ನಾಲಿಗೆ ಏಳುವುದಿಲ್ಲ.

ಸಮುದಾಯಕ್ಕೆ ತಿರುಗಿ ಏನು ಕೊಟ್ಟಿದ್ದಾರೆ ಎಂಬುದನ್ನು ಷರತ್ತು ಮಾಡಬೇಕಾ? ಬೇರೆ ಕಡೆ ಎರಡೂ ಥರ ಇದೆ. ಡೆಬಿಯನ್ ಎಂಬ ಮುಕ್ತ ಆಪರೇಟಿಂಗ್ ಸಿಸ್ಟಮ್‌ನ ಸಲಹೆಗಾರರ ಪಟ್ಟಿಯಲ್ಲಿ ಷರತ್ತು ಬಹಳ ಸರಳ: ಕೆಲಸ ಮಾಡುವ ಇಮೇಲ್ ಇರಬೇಕು, ಬಂದ ಪತ್ರಕ್ಕೆ ನಾಲ್ಕು ವಾರದೊಳಗೆ ಉತ್ತರ ಕೊಡಬೇಕು, ಕೊಂಡಿ ಕೊಟ್ಟ ತಾಣದಲ್ಲಿ ಡೆಬಿಯನ್ ಸೇವೆಯ ಮಾತು ಇರಬೇಕು. ಜಾಲತಾಣ ಕಟ್ಟುವ ಮುಕ್ತ ತಂತ್ರಾಂಶ ದ್ರುಪಾಲ್‌ನವರು ಸೇವಾ ಕಂಪನಿಗಳ ಕೊಡುಗೆಯನ್ನು ಕ್ರೆಡಿಟ್ ಲೆಕ್ಕದಲ್ಲಿ ಎಣಿಸುತ್ತಾರೆ. ಇದರಿಂದ ಕಂಪನಿಗಳು ಕೆಲಸಕ್ಕೆ ಕೈ ಹಾಕಿದ್ದು ನಿಜ. ಎಣಿಕೆಗೋಸ್ಕರ ಸುಮ್ನೆ ಚಿಲ್ಲರೆ ತಿದ್ದುಪಡಿ ಕಳಿಸುವವರೂ ಹುಟ್ಟಿಕೊಂಡರು. ಅದನ್ನು ತಡೆಯಲು ಬೇರೆ ನಿಯಮ ಬರೆಯಬೇಕಾಯಿತು.

ನೀವು ಇದನ್ನು ಕಡ್ಡಾಯ ಮಾಡದೆ, ಪ್ರತಿ ಹೆಸರಿನ ಕೆಳಗೆ ‘ಮುಯ್ಯಿ’ ಅಂತ ಒಂದು ಸಾಲು ಖಾಲಿ ಬಿಡಿ. ಕೋಹಾದ ಕನ್ನಡ ಅನುವಾದ ತಿದ್ದಿದ್ದೇನೆ, ಇಂಥ ದೋಷ ವರದಿ ಮಾಡಿದ್ದೇನೆ, ಕೊಪ್ಪಳದಲ್ಲಿ ಒಂದು ದಿನ ಪುಕ್ಕಟೆ ತರಬೇತಿ ಕೊಟ್ಟಿದ್ದೇನೆ, ಹೀಗೆ ಏನಿದ್ದರೂ ಅವರೇ ಬರೆಯಲಿ. ದೋಷದ ವರದಿ ಕೋಹಾದ ಬಗ್‌ಜಿಲ್ಲಾ ಎಂಬ ದೋಷ ದಾಖಲಿಸುವ ತಾಣದಲ್ಲಿ ಎಲ್ಲರಿಗೂ ಕಾಣುತ್ತದೆ, ಸುಳ್ಳು ಬರೆದರೆ ಸಿಕ್ಕಿಬೀಳುತ್ತಾರೆ. ಆ ಸಾಲು ಖಾಲಿ ಉಳಿದರೆ ಓದುವವರಿಗೇ ಗೊತ್ತಾಗುತ್ತದೆ.

ಹೆಸರುಗಳನ್ನು ಜಿಲ್ಲೆವಾರು ಹಾಕಿ, ಜಿಲ್ಲೆಯೊಳಗೆ ಪ್ರತಿ ಸಲ ಚೀಟಿ ಎತ್ತಿ ಕ್ರಮ ಬದಲಿಸಿ. ಮೇಲೆ ದಪ್ಪ ಅಕ್ಷರದಲ್ಲಿ ಒಂದು ಮಾತು ಇರಲಿ: ಇದು ಮಾಹಿತಿ, ಶಿಫಾರಸು ಅಲ್ಲ, ಖರೀದಿಯ ನಿಯಮಗಳನ್ನು ಕಾಲೇಜು ತಾನೇ ಪಾಲಿಸಬೇಕು. ಇಲ್ಲದಿದ್ದರೆ “ಬಳಗದವರು ಹೇಳಿದ್ದರು” ಅಂತ ಕೊಟೇಶನ್ ಕರೆಯದೆ ಆರ್ಡರ್ ಕೊಟ್ಟು, ಆಡಿಟ್‌ನಲ್ಲಿ ಪಾಪ ಗ್ರಂಥಪಾಲಕರೇ ಸಿಕ್ಕಿಬೀಳುತ್ತಾರೆ.

ಬಹಳ ಬಳಗಗಳು ಸೇರಿಸುವ ನಿಯಮ ಬರೆಯುತ್ತವೆ, ತೆಗೆಯುವ ನಿಯಮ ಮರೆಯುತ್ತವೆ. ತೆಗೆಯುವಾಗಲೇ ಜಗಳ ಆಗುವುದು. ನಮ್ಮ ಊರುಗಳಲ್ಲಿ ಎಲ್ಲರೂ ಎಲ್ಲರಿಗೂ ಗೊತ್ತು, ಒಬ್ಬರ ಅಳಿಯ ಇನ್ನೊಬ್ಬರ ಸೇವಾದಾರ. ಅದಕ್ಕೇ ಮೊದಲೇ ಬರೆದಿಡಿ. ದೂರು ಬರಹದಲ್ಲಿ ಬರಬೇಕು. ಸೇವಾದಾರರಿಗೆ ಅದರ ಪ್ರತಿ ಹೋಗಬೇಕು, ಉತ್ತರಕ್ಕೆ 30 ದಿನ ಸಿಗಬೇಕು. ಮಾಹಿತಿ ಹಿಂತಿರುಗಿಸದೆ ಒತ್ತೆ ಇಟ್ಟುಕೊಂಡವರ ಹೆಸರು ಮಾತ್ರ ಆ 30 ದಿನವೂ ಪಟ್ಟಿಯಲ್ಲಿ ಇರಬಾರದು. ತೀರ್ಮಾನ ಮಾಡುವ ಮೂವರಲ್ಲಿ ಯಾರೂ ಸೇವೆ ಮಾರುವವರಾಗಿರಬಾರದು, ಅವರ ಮನೆಯವರೂ ಬೇಡ. ಈಗಾಗಲೇ ನಿಮಗೆ ಪರಿಚಯ ಇರುವ ಆ ನಾಲ್ಕೈದು ಮಂದಿಗೂ ಇದೇ ಷರತ್ತು. ಹಳಬರಿಗೆ ವಿನಾಯಿತಿ ಕೊಟ್ಟರೆ ಹೊಸಬರು ಅರ್ಜಿಯನ್ನೇ ಹಾಕುವುದಿಲ್ಲ.

ವರ್ಷಕ್ಕೆರಡು ಸಲ, ಜೂನ್ ಮತ್ತು ಡಿಸೆಂಬರಿನಲ್ಲಿ, ಎಲ್ಲರಿಗೂ ಒಂದು ಇಮೇಲ್ ಹಾಕಿ. ಕೋಹಾದ ಹೊಸ ಆವೃತ್ತಿ ಬಂದ ಮರುತಿಂಗಳು ಅದು. ಎರಡು ವಾರದೊಳಗೆ ಉತ್ತರ ಬಾರದಿದ್ದರೆ ಹೆಸರು ಇಳಿಸಿ, ಬಂದ ದಿನ ಮತ್ತೆ ಹಾಕಿ. ಮೊದಲ ಪರೀಕ್ಷೆಗೆ ಜನ ಬೇಕಿದ್ದರೆ ತಿಳಿಸಿ ಮೇಡಂ, ಒಂದು ಭಾನುವಾರ ಸಿಂಧನೂರಿಗೆ ಬರುತ್ತೇನೆ. ಒಂದು ಹಳೆಯ ಕಂಪ್ಯೂಟರ್ ಮತ್ತು ನಿಮ್ಮ ಲೈಬ್ರರಿಯ ನಿನ್ನೆಯ ಬ್ಯಾಕಪ್ ಫೈಲ್ ತಯಾರಿರಲಿ, ಅದರಿಂದಲೇ ಶುರು ಮಾಡೋಣ.