ಮನೆಯಲ್ಲಿ ಯಾವ ಲ್ಯಾಬ್, ಹೊರಗೆ ಯಾವ ಲ್ಯಾಬ್?

ಅಮೆರಿಕದಲ್ಲಿ ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳುವ ಕನ್ನಡ ಪೋಷಕರು ನನ್ನ ಸಲಹೆ ಕೇಳಲು ಬರುವುದು ಸಾಮಾನ್ಯವಾಗಿ ಎಂಟನೇ ತರಗತಿ ಮುಗಿಯುವ ಹೊತ್ತಿಗೆ. ಅವರಲ್ಲಿ ಹೆಚ್ಚಿನವರು ಪಿಯುಸಿಯಲ್ಲಿ ಪಿಸಿಎಂಬಿ ಓದಿದವರು. ಮೂರೂ ವಿಜ್ಞಾನಗಳನ್ನು ಎರಡು ವರ್ಷ ಒಟ್ಟಿಗೇ ಓದಿದವರಿಗೆ ಇಲ್ಲಿನ ಹೈಸ್ಕೂಲಿನ ‘ವರ್ಷಕ್ಕೊಂದು ವಿಜ್ಞಾನ’ ತೀರಾ ಸಪ್ಪೆಯೆನಿಸುತ್ತದೆ. ಆದ್ದರಿಂದ ನಾಲ್ಕು ವರ್ಷಕ್ಕೆ ನಾಲ್ಕು ಎಪಿ (ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್, ಅಂದರೆ ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ) ಕೋರ್ಸುಗಳ ಪಟ್ಟಿ ಹಿಡಿದೇ ಬರುತ್ತಾರೆ. ನಾನು ಆ ಪಟ್ಟಿಯನ್ನು ಬದಿಗಿಟ್ಟು ಕೇಳುವುದು ಇಷ್ಟು: ಇವುಗಳಲ್ಲಿ ಯಾವ ಲ್ಯಾಬನ್ನು ನಿಮ್ಮ ಮನೆಯಲ್ಲಿ ನಿಜಕ್ಕೂ ಮಾಡಿಸಬಲ್ಲಿರಿ?

ಕಾಲೇಜುಗಳು ಕೇಳುವುದು ಪೋಷಕರು ಅಂದುಕೊಂಡಷ್ಟಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ನಿಯಮ ಲ್ಯಾಬ್ ಸಹಿತ ಎರಡು ವರ್ಷದ ವಿಜ್ಞಾನ. ಮೂರು ಇದ್ದರೆ ಒಳ್ಳೆಯದು ಎನ್ನುತ್ತದೆ. ತೊಡಕಿರುವುದು ಸಂಖ್ಯೆಯಲ್ಲಲ್ಲ, ಪುರಾವೆಯಲ್ಲಿ. ತಾಯಿ ಪಾಠ ಹೇಳಿ ತಾಯಿಯೇ ‘ಎ’ ಕೊಟ್ಟ ಕೋರ್ಸು ಆ ವಿಶ್ವವಿದ್ಯಾಲಯದ ಅನುಮೋದಿತ ಪಟ್ಟಿಯಲ್ಲಿ ಇರುವುದಿಲ್ಲ. ಎಪಿ ಪರೀಕ್ಷೆಯಲ್ಲಿ ಐದಕ್ಕೆ 3 ಅಥವಾ ಹೆಚ್ಚಿನ ಅಂಕ, ಇಲ್ಲವೇ ವರ್ಗಾಯಿಸಬಹುದಾದ ಕಾಲೇಜು ಕೋರ್ಸಿನಲ್ಲಿ ಕನಿಷ್ಠ ‘ಸಿ’ ಇದ್ದರೆ ಆ ಕೊರತೆ ತುಂಬುತ್ತದೆ. ಮೊದಲು ಎಸ್‌ಎಟಿ ವಿಷಯವಾರು ಪರೀಕ್ಷೆಗಳೂ ಈ ಕೆಲಸಕ್ಕೆ ಒದಗುತ್ತಿದ್ದವು. 2021ರಲ್ಲಿ ಅವು ನಿಂತುಹೋದ ಮೇಲೆ ಹೋಮ್‌ಸ್ಕೂಲಿಂಗ್ ಮಕ್ಕಳಿಗೆ ದಾರಿ ಇನ್ನಷ್ಟು ಕಿರಿದಾಯಿತು.

ಹಾಗಾದರೆ ಹೊರಗಿನ ಪುರಾವೆಯನ್ನು ಯಾವ ವಿಷಯಕ್ಕೆ ಮೀಸಲಿಡಬೇಕು? ರಸಾಯನವಿಜ್ಞಾನಕ್ಕೆ ಎನ್ನುತ್ತೇನೆ, ಇದರಲ್ಲಿ ನನಗೆ ಅನುಮಾನವಿಲ್ಲ. ಮನೆಯಲ್ಲಿ ಹೊಗೆ ಹೀರುವ ಹುಡ್ ಇಲ್ಲ, ಕಣ್ಣು ತೊಳೆಯುವ ನಲ್ಲಿ ಇಲ್ಲ, ಬಳಸಿದ ತಾಮ್ರ ಅಥವಾ ಬೆಳ್ಳಿಯ ದ್ರಾವಣವನ್ನು ಸಿಂಕಿಗೆ ಸುರಿಯುವಂತಿಲ್ಲ. ಸಾಂದ್ರ ಆಮ್ಲವನ್ನು ಗ್ಯಾರೇಜಿನಲ್ಲಿ ಇಟ್ಟುಕೊಂಡ ಮನೆಗಳನ್ನು ಕಂಡಿದ್ದೇನೆ, ದಯವಿಟ್ಟು ಬೇಡ. ಹತ್ತಿರದ ಸಮುದಾಯ ಕಾಲೇಜಿನಲ್ಲಿ ಒಂದು ಸೆಮಿಸ್ಟರಿನ ಲ್ಯಾಬ್ ಸಹಿತ ಕೋರ್ಸು ಮಾಡಿದರೆ ಅದು ಹೈಸ್ಕೂಲಿನ ಒಂದು ವರ್ಷಕ್ಕೆ ಸಮ. ಕ್ಯಾಲಿಫೋರ್ನಿಯಾದಲ್ಲಿ ಯಾವ ಕೋರ್ಸು ವರ್ಗಾವಣೆಯಾಗುತ್ತದೆ ಎಂಬುದನ್ನು ‘ಅಸಿಸ್ಟ್’ ಜಾಲತಾಣದಲ್ಲಿ ನೋಡಿಯೇ ಸೇರಿಸಿ. ಜೊತೆಗೊಂದು ಎಚ್ಚರಿಕೆ: ಆ ಗ್ರೇಡು ಶಾಶ್ವತ. ಮುಂದೆ ಅಮೆರಿಕದ ವೈದ್ಯಕೀಯ ಕಾಲೇಜಿಗೆ ಅರ್ಜಿ ಹಾಕುವಾಗ ಹೈಸ್ಕೂಲಿನ ದಿನಗಳಲ್ಲಿ ಮಾಡಿದ ಕಾಲೇಜು ಕೋರ್ಸುಗಳ ಅಂಕಗಳನ್ನೂ ಕೊಡಬೇಕಾಗುತ್ತದೆ. ಬೀಜಗಣಿತ ಗಟ್ಟಿಯಾಗದ ಹದಿನಾಲ್ಕರ ಮಗುವನ್ನು ಅಲ್ಲಿಗೆ ತಳ್ಳುವುದು ಸಾಹಸವಲ್ಲ, ಆತುರ. ಹನ್ನೊಂದನೇ ತರಗತಿಯವರೆಗೆ ಕಾಯಿರಿ.

ಹೊರಗಿನ ಲ್ಯಾಬ್ ಒದಗುವವರೆಗೆ ರಸಾಯನವಿಜ್ಞಾನದ ರುಚಿ ಹತ್ತಿಸಲು ಅಡುಗೆಮನೆ ಸಾಕು. ಆರತಿಯ ನೀರಿಗೆ ಅರಿಸಿನದ ಜೊತೆ ಸುಣ್ಣ ಬೆರೆಸಿ ಕೆಂಪು ತರಿಸುತ್ತೇವಲ್ಲ, ಅದು ಪಿಎಚ್ ಸೂಚಕವೇ. ಅರಿಸಿನದ ಬಣ್ಣ ಸುಮಾರು 7.4ರಿಂದ 8.6ರೊಳಗೆ ತಿರುಗುತ್ತದೆ. ಅರಿಸಿನ ಹಾಕಿದ ವಿನೆಗರನ್ನು ಸೋಡಾದ್ರಾವಣದಿಂದ ಟೈಟ್ರೇಟ್ ಮಾಡಿಸಿ ನೋಡಿ, ಅಂದರೆ ಬಣ್ಣ ತಿರುಗುವವರೆಗೆ ದ್ರಾವಣವನ್ನು ಹನಿಹನಿಯಾಗಿ ಅಳೆದು ಬೆರೆಸಲಿ. ಅರಿಸಿನ ಎಲ್ಲಿ ಸ್ಪಷ್ಟವಾಗಿ ಕೆಂಪಾಯಿತು ಎಂದು ಹೇಳುವುದೇ ಕಷ್ಟವಾಗುತ್ತದೆ. ಲ್ಯಾಬುಗಳಲ್ಲಿ ಫಿನಾಲ್ಫ್ಥಲೀನ್ ಎಂಬ ಸೂಚಕ ಏಕೆ ಇರುತ್ತದೆ ಎಂಬುದನ್ನು ಮಗು ಆ ತಕರಾರಿನಿಂದಲೇ ಕಲಿಯುತ್ತದೆ.

ಭೌತವಿಜ್ಞಾನ ಇದಕ್ಕೆ ವಿರುದ್ಧ. ಇದನ್ನು ಮನೆಯಲ್ಲಿ ಶಾಲೆಗಿಂತ ಚೆನ್ನಾಗಿ ಮಾಡಬಹುದು, ಏಕೆಂದರೆ ಗಂಟೆ ಹೊಡೆದು ಎಬ್ಬಿಸುವವರಿಲ್ಲ. ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು ರೂಪಿಸಿದ ಉಚಿತ ‘ಫೈಫಾಕ್ಸ್’ ಆ್ಯಪ್ ಮೊಬೈಲಿನ ಸಂವೇದಕಗಳನ್ನೇ ಅಳತೆಯ ಉಪಕರಣವಾಗಿಸುತ್ತದೆ. ಲೋಲಕವೊಂದನ್ನೇ ವಾರಗಟ್ಟಲೆ ಕೆದಕಬಹುದು. ದಾರದ ಉದ್ದವನ್ನು ಬದಲಿಸುತ್ತಾ ಹೋಗಿ, ಅವಧಿಯ ವರ್ಗವನ್ನು ಉದ್ದದ ಎದುರು ಗ್ರಾಫಿನಲ್ಲಿ ಗುರುತಿಸಿದರೆ ಸರಳರೇಖೆ ಬರಬೇಕು. ಇಳಿಜಾರು ಮೀಟರಿಗೆ 4.03 ಸೆಕೆಂಡ್ ವರ್ಗದ ಆಸುಪಾಸು. ರೇಖೆ ಮೂಲಬಿಂದುವಿನಿಂದ ಸರಿದಿದ್ದರೆ ಮಗು ಗುಂಡಿನ ಕೇಂದ್ರದವರೆಗೆ ಅಳೆಯದೆ ತುದಿಯವರೆಗಷ್ಟೇ ಅಳೆದಿರಬಹುದು. ಆ ತಪ್ಪನ್ನು ನೀವು ಹೇಳಿಕೊಡಬೇಡಿ, ಹುಡುಕಲು ಬಿಡಿ. ತ್ರಿಕೋನಮಿತಿಯ ಆರಂಭದ ಪಾಠ ಮುಗಿದಿದ್ದರೆ ಭೌತವಿಜ್ಞಾನದ ವರ್ಷ ಸಲೀಸು.

ಜೀವವಿಜ್ಞಾನ ಒಂಬತ್ತನೇ ತರಗತಿಗೆ ಸರಿ. 400 ಪಟ್ಟು ಹಿಗ್ಗಿಸುವ ಒಂದು ಸೂಕ್ಷ್ಮದರ್ಶಕ, ಈರುಳ್ಳಿ ಪೊರೆ, ಕೊಳದ ನೀರು, ತೋಟ. ಬ್ಯಾಕ್ಟೀರಿಯಾ ಬೆಳೆಸುವ ಕಿಟ್ ಕೊಂಡರೆ ಮುಚ್ಚಿದ ತಟ್ಟೆಯನ್ನು ಮತ್ತೆ ತೆರೆಯಬಾರದು.

ಎಪಿ ಆರಿಸುವವರು ಎರಡು ವಿಷಯ ತಿಳಿದಿರಬೇಕು. ಮನೆಯ ಕೋರ್ಸಿಗೆ ‘ಎಪಿ’ ಎಂಬ ಹೆಸರಿಡಬೇಕಾದರೆ ಪಠ್ಯಯೋಜನೆಯನ್ನು ಎಪಿ ನಡೆಸುವ ಸಂಸ್ಥೆಯಾದ ಕಾಲೇಜ್ ಬೋರ್ಡಿಗೆ ಕಳುಹಿಸಿ ಒಪ್ಪಿಗೆ ಪಡೆಯಬೇಕು. ಪರೀಕ್ಷೆ ಮಾತ್ರ ಬರೆಯಲು ಅದು ಬೇಕಿಲ್ಲ. ಪರೀಕ್ಷೆ ಮೇ ತಿಂಗಳಲ್ಲಾದರೂ ಹೊರಗಿನ ಮಗುವನ್ನು ಕೂರಿಸಿಕೊಳ್ಳಲು ಒಪ್ಪುವ ಶಾಲೆಯನ್ನು ಶರತ್ಕಾಲದಲ್ಲೇ ಹುಡುಕಬೇಕು. ಹೆಚ್ಚಿನ ಕಡೆ ಶಾಲೆಗಳು ಒಪ್ಪಲೇಬೇಕೆಂದೇನೂ ಇಲ್ಲ.

ಇನ್ನು ಲ್ಯಾಬ್ ಪುಸ್ತಕ. ಪಿಯುಸಿ ರೆಕಾರ್ಡ್ ಬರೆದ ನಮ್ಮ ಪೀಳಿಗೆಗೆ ಇದನ್ನು ಒಪ್ಪಿಸುವುದೇ ದೊಡ್ಡ ಕೆಲಸ. ಹಿರಿಯರ ರೆಕಾರ್ಡಿನಿಂದ ಇಳಿಸಿಕೊಂಡ ಅಂದವಾದ ಚಿತ್ರ, ಮೊದಲೇ ಗೊತ್ತಿದ್ದ ಉತ್ತರಕ್ಕೆ ಹೊಂದಿಸಿದ ಅಳತೆಗಳು: ಇದೇ ನಮಗೆ ಪ್ರಾಯೋಗಿಕ ಪಾಠವಾಗಿತ್ತು. ಇಲ್ಲಿ ಬೇಕಿರುವುದು ದಿನಾಂಕ ಹಾಕಿ ಪೆನ್ನಿನಲ್ಲಿ ಬರೆದ ಕಚ್ಚಾ ಅಂಕಿಗಳು, ಅಳಿಸದೆ ಒಂದೇ ಗೆರೆ ಎಳೆದು ಹೊಡೆದುಹಾಕಿದ ಸಾಲುಗಳು, ಕೈಕೊಟ್ಟ ಪ್ರಯೋಗದ ಪುಟಗಳು. ಕೆಲವು ಕಾಲೇಜುಗಳು ಹಿಂದೆ ಮಾಡಿದ ಲ್ಯಾಬಿಗೆ ಮಾನ್ಯತೆ ಕೊಡುವ ಮೊದಲು ಈ ಪುಸ್ತಕ ನೋಡಲು ಕೇಳುತ್ತವೆ. ಹಲವು ಕಾಲೇಜುಗಳಿಗೆ ಒಂದೇ ಅರ್ಜಿಯಾದ ಕಾಮನ್ ಆ್ಯಪಿನಲ್ಲಿ ಕೌನ್ಸಿಲರ್ ಸ್ಥಾನದಲ್ಲಿ ಬರೆಯುವವರೂ ನೀವೇ. ಕೋರ್ಸಿನ ವಿವರಣೆಗೆ ಬೇಕಾದ ಪ್ರಯೋಗಗಳ ಪಟ್ಟಿ ಆಗ ಈ ಪುಸ್ತಕದಲ್ಲೇ ಸಿಗುತ್ತದೆ.

ಎಂಬಿಬಿಎಸ್‌ಗಾಗಿ ಭಾರತಕ್ಕೆ ಮರಳುವ ಯೋಚನೆ ಇರುವವರ ಲೆಕ್ಕ ಬೇರೆ. ನೀಟ್ ಅರ್ಹತೆಗೆ ಭೌತ, ರಸಾಯನ, ಜೀವ ಮೂರೂ ಬೇಕು. ವಿದೇಶದ ಪ್ರಮಾಣಪತ್ರ 12ನೇ ತರಗತಿಗೆ ಸಮಾನವೆಂದು ಭಾರತೀಯ ವಿಶ್ವವಿದ್ಯಾಲಯಗಳ ಸಂಘ ದೃಢೀಕರಿಸಬೇಕು. ಮನೆಯಲ್ಲೇ ಮುದ್ರಿಸಿದ ಅಂಕಪಟ್ಟಿ ಹಿಡಿದು ಅಲ್ಲಿಗೆ ಹೋಗುವುದು ಕಷ್ಟ. ಅಂಥವರು ಒಂಬತ್ತನೇ ತರಗತಿಯಲ್ಲೇ ಮಾನ್ಯತೆ ಪಡೆದ ಆನ್‌ಲೈನ್ ಹೈಸ್ಕೂಲಿಗೆ ಸೇರಿಸಿ, ಸೇರಿಸುವ ಮೊದಲೇ ಸಂಘದ ನಿಯಮಗಳನ್ನು ಓದಿಕೊಳ್ಳಿ.