ಒಂದೇ ಬ್ಯಾರೆಲ್‌ನ ಬರ್ಬನ್, ಒಂದು ಚಮಚ ನೀರು

ಮೊನ್ನೆ ಶನಿವಾರ ಗೆಳೆಯನ ಮನೆಯಲ್ಲಿ ಫೋರ್ ರೋಸಸ್ ಅನ್ನುವ ಬರ್ಬನ್‌ನ ಎರಡು ಬಾಟಲಿ ಪಕ್ಕಪಕ್ಕ ಇಟ್ಟು ರುಚಿ ನೋಡಿದೆವು. ಒಂದು, ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವ ಸಿಂಗಲ್ ಬ್ಯಾರೆಲ್. ಇನ್ನೊಂದು, ಇಲ್ಲಿನ ಅಂಗಡಿಯವರು ಅಮೆರಿಕದ ಕೆಂಟಕಿಗೆ ಹೋಗಿ ತಾವೇ ಆರಿಸಿ ತಂದ ಬ್ಯಾರೆಲ್‌ನದು. ನಾನು ಒಂದು ಕಡೆ ಚೆನ್ನಾಗಿ ಎಡವಿದೆ. ಮರೆಯುವ ಮೊದಲು ಬರೆದಿಡುತ್ತಿದ್ದೇನೆ, ಈಗಷ್ಟೇ ಕಲಿಯುತ್ತಿರುವವರಿಗೂ ಉಪಯೋಗ ಆಗಬಹುದು.

ಹಿನ್ನೆಲೆ ಚಿಕ್ಕದಾಗಿ. ಬರ್ಬನ್ ಒಂದು ಬಗೆಯ ವಿಸ್ಕಿ, ಅಮೆರಿಕದಲ್ಲೇ ತಯಾರಾಗಬೇಕು. ಧಾನ್ಯದಲ್ಲಿ ಕನಿಷ್ಠ 51% ಮೆಕ್ಕೆಜೋಳ ಇರಬೇಕು. ಒಳಗೆಲ್ಲ ಸುಟ್ಟ ಹೊಸ ಓಕ್ ಮರದ ಬ್ಯಾರೆಲ್‌ನಲ್ಲಿ ಇಡಬೇಕು, ತುಂಬುವಾಗ ಆಲ್ಕೋಹಾಲ್ 62.5% ದಾಟಬಾರದು. ಮಾಮೂಲಿ ಬರ್ಬನ್‌ಗೆ ಬಹಳ ಬ್ಯಾರೆಲ್‌ಗಳನ್ನು ಬೆರೆಸಿ, ಪ್ರತಿ ಸಲ ಒಂದೇ ರುಚಿ ಬರುವ ಹಾಗೆ ನೋಡಿಕೊಳ್ಳುತ್ತಾರೆ. ಸಿಂಗಲ್ ಬ್ಯಾರೆಲ್‌ನಲ್ಲಿ ಆ ಬೆರಕೆ ಇಲ್ಲ. 1984ರಲ್ಲಿ ವಿಸ್ಕಿ ತಯಾರಕ ಎಲ್ಮರ್ ಟಿ. ಲೀ ಬ್ಲಾಂಟನ್ಸ್ ಅನ್ನುವ ಸಿಂಗಲ್ ಬ್ಯಾರೆಲ್ ಬರ್ಬನ್ ತಂದ ಮೇಲೆ ಈ ಬಗೆ ಹೆಸರಾಯಿತು. ಬ್ಯಾರೆಲ್ ಹಿಡಿಯುವುದು ಸುಮಾರು 200 ಲೀಟರ್, ಅದರಲ್ಲೂ ವರ್ಷವರ್ಷ ಸ್ವಲ್ಪ ಆವಿಯಾಗಿ ಹೋಗುತ್ತದೆ. ಅಂಗಡಿಯವರು ಆರಿಸಿದ್ದು ಅಂದರೆ ಅವರಿಗಾಗಿ ಬೇರೆ ಮಾಡಿದ್ದು ಅಲ್ಲ. ಗೋದಾಮಿನಲ್ಲಿ ಮೊದಲೇ ಇದ್ದ ಕೆಲವು ಬ್ಯಾರೆಲ್‌ಗಳ ಮಾದರಿ ಕುಡಿದು ನೋಡಿ, ಒಂದನ್ನು ಪೂರ್ತಿ ಕೊಂಡುಕೊಳ್ಳುತ್ತಾರೆ, ಅಷ್ಟೇ. ಆ ಬ್ಯಾರೆಲ್ ಮುಗಿದರೆ ಆ ರುಚಿಯೂ ಮುಗಿಯಿತು.

ಇನ್ನು ಲೇಬಲ್ ಮೇಲಿನ ನಾಲ್ಕು ಅಕ್ಷರ. ಮಾಮೂಲಿ ಸಿಂಗಲ್ ಬ್ಯಾರೆಲ್ ಯಾವಾಗಲೂ ಓ-ಬಿ-ಎಸ್-ವಿ. ನಮ್ಮ ಅಂಗಡಿಯದು ಓ-ಇ-ಎಸ್-ಓ. ಇದರಲ್ಲಿ ಎರಡು ಸಲ ‘ಓ’ ಬರುತ್ತದೆ, ಎರಡಕ್ಕೂ ಅರ್ಥ ಬೇರೆ. ಮೊದಲನೆಯ ಓ, ಕೆಂಟಕಿಯ ಲಾರೆನ್ಸ್‌ಬರ್ಗ್‌ನಲ್ಲಿರುವ ಫೋರ್ ರೋಸಸ್ ಡಿಸ್ಟಿಲರಿಯ ಗುರುತು. ಮೂರನೆಯ ಎಸ್, ಸ್ಟ್ರೇಟ್ ವಿಸ್ಕಿ ಅಂತ. ಇವೆರಡೂ ಬದಲಾಗುವುದಿಲ್ಲ, ಹಾಗಾಗಿ ಕಣ್ಣಿಂದ ಅಳಿಸಿಬಿಡಿ. ಉಳಿದ ಎರಡೇ ಓದಿ. ಎರಡನೆಯದು ಧಾನ್ಯ, ಅಂದರೆ ಮೆಕ್ಕೆಜೋಳದ ಜೊತೆ ರೈ ಅನ್ನುವ ಧಾನ್ಯ ಎಷ್ಟಿದೆ ಅಂತ: ‘ಬಿ’ ಆದರೆ ರೈ 35%, ‘ಇ’ ಆದರೆ ರೈ 20%. ಕೊನೆಯದು ಯೀಸ್ಟ್: ‘ವಿ’ ನವಿರಾದ ಹಣ್ಣು, ‘ಓ’ ಗಾಢವಾದ ಹಣ್ಣು, ‘ಕೆ’ ತುಸು ಮಸಾಲೆ, ‘ಕ್ಯೂ’ ಹೂವು, ‘ಎಫ್’ ಸೊಪ್ಪಿನ ಪರಿಮಳ. ಎರಡು ಧಾನ್ಯದ ಲೆಕ್ಕ, ಐದು ಯೀಸ್ಟ್, ಒಟ್ಟು ಹತ್ತು ಪಾಕ. ನನಗೆ ತುಂಬಾ ಇಷ್ಟವಾದ ಭಾಗ ಇದು. ಬಾಟಲಿ ತೆರೆಯುವ ಮೊದಲೇ ಏನು ಹುಡುಕಬೇಕು ಅಂತ ಗೊತ್ತಾಗುತ್ತದೆ.

ಈಗ ನಾನು ಎಡವಿದ ಜಾಗ. ಅಂಗಡಿಯ ಬಾಟಲಿ ಒಂದು ಗುಟುಕು ಕುಡಿದು ಪುಸ್ತಕದಲ್ಲಿ ‘ಲವಂಗ, ಕರಿಮೆಣಸು, ಖಾರ ಜಾಸ್ತಿ’ ಅಂತ ಬರೆದೆ. ಮಾಮೂಲಿಯದಕ್ಕೆ ‘ಮೆತ್ತಗೆ’ ಅಂತ ಬರೆದೆ. ಗೆಳೆಯ ಇಣುಕಿ ನೋಡಿ, “ಅದ್ಹೇಗೋ? ಇದರಲ್ಲಿ ರೈ ಕಮ್ಮಿ. ಖಾರ ಅದರಲ್ಲಿ ತಾನೇ ಜಾಸ್ತಿ ಇರಬೇಕು?” ಅಂದ. ನಿಜ, ಮಸಾಲೆಯ ಗುಣ ಬರುವುದು ರೈಯಿಂದ. ನನ್ನ ಟಿಪ್ಪಣಿ ಪೂರ್ತಿ ತಿರುಗುಮುರುಗಾಗಿತ್ತು.

ಕಾರಣ ಬಾಟಲಿಯ ಮೇಲೇ ಇತ್ತು. ಮಾಮೂಲಿಯದರಲ್ಲಿ ಆಲ್ಕೋಹಾಲ್ 50%. ಅಂಗಡಿಯದು ಬ್ಯಾರೆಲ್‌ನಿಂದ ಬಂದ ಹಾಗೇ ತುಂಬಿದ್ದು, 58%. ನಾನು ಮಸಾಲೆ ಅಂದುಕೊಂಡಿದ್ದು ಆಲ್ಕೋಹಾಲ್‌ನ ಉರಿ! ಎರಡರ ತೀವ್ರತೆ ಒಂದೇ ಮಟ್ಟಕ್ಕೆ ತರದೆ ಹೋಲಿಸಿದರೆ, ಆಲ್ಕೋಹಾಲ್ ಮಾಡಿದ ಕೆಲಸವನ್ನು ಬ್ಯಾರೆಲ್ ಲೆಕ್ಕಕ್ಕೆ ಬರೆಯುತ್ತೇವೆ.

ಹಾಗಾದರೆ 30 ಮಿ.ಲೀ.ಗೆ ಎಷ್ಟು ನೀರು? ಇಲ್ಲಿ ಎರಡನೇ ಸಲ ತಪ್ಪಿದೆ. 58ರಲ್ಲಿ 50 ಕಳೆದೆ, 8 ಬಂತು. 30ರ 8% ಅಂದರೆ 2.4 ಮಿ.ಲೀ. ಅಷ್ಟು ನೀರು ಹಾಕಿದೆ. ಉರಿ ಇನ್ನೂ ಇತ್ತು. ಯಾಕೆ ಅಂದರೆ ನೀರು ಹಾಕಿದಾಗ ಆಲ್ಕೋಹಾಲ್ ಕಮ್ಮಿ ಆಗುವುದಿಲ್ಲ, ಲೋಟದಲ್ಲಿರುವ ಒಟ್ಟು ಅಳತೆ ದೊಡ್ಡದಾಗುತ್ತದೆ. ಶುರು ಮಾಡಬೇಕಾದ್ದು ಆಲ್ಕೋಹಾಲ್‌ನಿಂದ. 30 ಮಿ.ಲೀ.ಯ 58% ಅಂದರೆ 17.4 ಮಿ.ಲೀ. ಆಲ್ಕೋಹಾಲ್. ಇದು ಎಲ್ಲೂ ಹೋಗುವುದಿಲ್ಲ. 50% ಆಗಬೇಕು ಅಂದರೆ ಈ 17.4 ಒಟ್ಟಿನ ಅರ್ಧ ಆಗಬೇಕು. ಒಟ್ಟು 34.8. ಲೋಟದಲ್ಲಿ 30 ಇದೆ, ಬೇಕಾದ್ದು 4.8. ಸುಮಾರಾಗಿ ಒಂದು ಟೀ ಚಮಚ, ಅದು 5 ಮಿ.ಲೀ. ನಾನು ಹಾಕಿದ 2.4ಕ್ಕೆ ಆಗಿದ್ದು ಬರೀ 53.7%.

ಸುಲಭ ದಾರಿ: 58ನ್ನು 50ರಿಂದ ಭಾಗಿಸಿ, 1.16. ಒಂದು ಕಳೆಯಿರಿ, 0.16. ಅದನ್ನು 30ರಿಂದ ಗುಣಿಸಿ, 4.8. ಯಾವ ಬಾಟಲಿಗೂ ಇದೇ. 60% ಇದ್ದರೆ 6 ಮಿ.ಲೀ. 62% ಇದ್ದರೆ 7.2. ಲೇಬಲ್‌ನಲ್ಲಿ ಪ್ರೂಫ್ ಬರೆದಿದ್ದರೆ ಮೊದಲು ಅರ್ಧ ಮಾಡಿಕೊಳ್ಳಿ, 116 ಪ್ರೂಫ್ ಅಂದರೆ 58%. ನೀರನ್ನು ಚಮಚದಲ್ಲೇ ಅಳೆಯಿರಿ, ಅಂದಾಜಿನಲ್ಲಿ ಸುರಿಯಬೇಡಿ. ಹಾಕಿದ ಮೇಲೆ ಲೋಟ ತಿರುಗಿಸಿ ಐದು ನಿಮಿಷ ಬಿಡಿ.

ಮೂಸುವ ವಿಷಯ ಹೆಚ್ಚಿಲ್ಲ. ಬಾಯಿ ಸ್ವಲ್ಪ ತೆರೆದಿರಲಿ, ಮೂಗನ್ನು ಲೋಟದೊಳಗೆ ತೂರಿಸಬೇಡಿ. ಮೊದಲ ಗುಟುಕು ನಾಲಿಗೆ ಒಗ್ಗಿಸಲು, ಅದರ ಮೇಲೆ ಏನೂ ಬರೆಯಬೇಡಿ.

ನೀರು ಸರಿಯಾದ ಮೇಲೆ ಎರಡೂ ಬೇರೆಯೇ ಆದವು. ಮಾಮೂಲಿಯದರಲ್ಲಿ ಚಕ್ಕೆ, ಮೆಣಸು ಎದ್ದು ಬಂತು. ಅಂಗಡಿಯದರಲ್ಲಿ ಬಾಳೆಹಣ್ಣಿನ ರಸಾಯನ ನೆನಪಾಯಿತು. ಚೆನ್ನಾಗಿ ಮಾಗಿದ ಹಣ್ಣು, ಬೆಲ್ಲ, ಹಿಂದೆ ಸಣ್ಣಗೆ ಏಲಕ್ಕಿ. ಕೊನೆಯಲ್ಲಿ ಸುಟ್ಟ ಸಕ್ಕರೆಯ ಕಹಿ ನಾಲಿಗೆಯ ಬದಿಗಳಲ್ಲಿ ತುಂಬಾ ಹೊತ್ತು ಉಳಿಯಿತು. ಅದು, ಮತ್ತೆ ವೆನಿಲಾ, ಸುಟ್ಟ ಓಕ್‌ನ ಕೊಡುಗೆ.

ಒಂದು ಎಚ್ಚರ. ಈ ಜೋಡಿಯಲ್ಲಿ ಧಾನ್ಯವೂ ಬೇರೆ, ಯೀಸ್ಟೂ ಬೇರೆ, ಬ್ಯಾರೆಲ್ಲೂ ಬೇರೆ. ರಸಾಯನದ ರುಚಿ ಬ್ಯಾರೆಲ್‌ನಿಂದ ಬಂತು ಅಂತ ನಾನು ಹೇಳಲಾರೆ. ಯೀಸ್ಟ್‌ನಿಂದ ಬಂದಿರುವ ಸಾಧ್ಯತೆ ಹೆಚ್ಚು. ಮರದ ಪಾಲು ಮಾತ್ರ ತಿಳಿಯಬೇಕಾದರೆ ಎರಡೂ ಓ-ಇ-ಎಸ್-ಓ ಇರಬೇಕು, ವಯಸ್ಸು ಹತ್ತಿರ ಇರಬೇಕು, ಬ್ಯಾರೆಲ್ ಸಂಖ್ಯೆ ಮಾತ್ರ ಬೇರೆ ಇರಬೇಕು. ಇನ್ನೊಂದು ಊರಿನ ಅಂಗಡಿಯಲ್ಲಿ ಅಂಥದ್ದೊಂದು ಇದೆಯಂತೆ, 61%. 30 ಮಿ.ಲೀ.ಗೆ 6.6 ನೀರು. ಲೆಕ್ಕ ಆಗಲೇ ಮಾಡಿಟ್ಟಿದ್ದೇನೆ.