ಸ್ಮೋಕ್ ಅಲಾರಂ: ಮಲಗಿದವರನ್ನು ಎಬ್ಬಿಸುವ ಪೆಟ್ಟಿಗೆ

ಗಾಳಿಯಲ್ಲಿ ಹೊಗೆ ಸೇರಿದ್ದನ್ನು ತಿಳಿದು ಜೋರಾಗಿ ಕೂಗುವ ಸಣ್ಣ ಉಪಕರಣವೇ ಸ್ಮೋಕ್ ಅಲಾರಂ. ಅದು ಬೆಂಕಿ ಆರಿಸುವುದಿಲ್ಲ, ಎಬ್ಬಿಸುತ್ತದೆ ಅಷ್ಟೆ. ಆದರೆ ರಾತ್ರಿ ಹೊತ್ತು ಜೀವ ಉಳಿಸಲು ಬೇಕಾದದ್ದು ಅದೇ. ಹೊಗೆಯ ವಾಸನೆಗೆ ನಿದ್ದೆಯಿಂದ ಎಚ್ಚರವಾಗುತ್ತದೆ ಎಂದು ನಂಬಿ ಕೂರಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಪ್ರಜ್ಞೆಯನ್ನೇ ತಪ್ಪಿಸಬಹುದು.

ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ ಕಡೆ ಬಚ್ಚಲ ಒಲೆಗೆ ಗೆರಟೆ, ಮಡಲು ಉರಿಸುವ ಮನೆಗಳು ಇನ್ನೂ ಇವೆ. ದಿನಾ ಹೊಗೆ ಏಳುವ ಮನೆಯಲ್ಲಿ ಇದು ಸುಮ್ನೆ ಕಿರಿಚುತ್ತಲೇ ಇರುವುದಿಲ್ವಾ? ಒಲೆಯ ಪಕ್ಕ ಹಾಕಿದರೆ ಖಂಡಿತ ಕಿರಿಚುತ್ತದೆ. ಒಲೆಯಿಂದ ಕನಿಷ್ಠ 3 ಮೀಟರ್ ದೂರವಿರಲಿ. ಹಂಡೆಯ ಹಬೆ ತಾಗುವ ಬಚ್ಚಲ ಬಾಗಿಲಿನ ಹತ್ತಿರವೂ ಬೇಡ. ಮಲಗುವ ಕೋಣೆಯೊಳಗೆ ಒಂದು, ಹೊರಗಿನ ಚಾವಡಿಯಲ್ಲಿ ಒಂದು, ಮಾಳಿಗೆ ಇದ್ದರೆ ಅಲ್ಲೂ ಒಂದು ಬೇಕು. ಹೊಗೆ ಮೇಲಕ್ಕೇರುತ್ತದೆ, ಹಾಗಾಗಿ ಸ್ಲ್ಯಾಬಿಗೋ ಮರದ ಮುಚ್ಚಿಗೆಗೋ ಕೂರಿಸಬೇಕು. ಇಳಿಜಾರು ಮಾಡಾದರೆ ತುತ್ತತುದಿಯ 10 ಸೆಂಟಿಮೀಟರ್ ಬಿಡಿ, ಅಲ್ಲಿ ನಿಂತ ಗಾಳಿಯೊಳಗೆ ಹೊಗೆ ಬೇಗ ನುಗ್ಗುವುದಿಲ್ಲ.

ಇದರಲ್ಲಿ ಮುಖ್ಯವಾಗಿ ಎರಡು ಬಗೆ. ಅಯೊನೈಸೇಷನ್ ಬಗೆಯದ್ದು ಭಗ್ಗನೆ ಹತ್ತಿದ ಬೆಂಕಿಯನ್ನು ಬೇಗ ಹಿಡಿಯುತ್ತದೆ. ಫೋಟೋಎಲೆಕ್ಟ್ರಿಕ್ ಬಗೆಯದ್ದರ ಒಳಗೆ ಒಂದು ಬೆಳಕಿನ ಕಿರಣ ಇರುತ್ತದೆ. ಹೊಗೆಯ ಕಣಗಳಿಗೆ ತಾಗಿ ಬೆಳಕು ಚದುರಿದಾಗ ಅಲಾರಂ ಕೂಗುತ್ತದೆ. ಹಾಸಿಗೆಯ ಹತ್ತಿ, ಗೋಣಿಚೀಲದಂಥವು ಒಳಗೊಳಗೇ ಕನಲುವಾಗ ಇದೇ ಬೇಗ ಎಚ್ಚರಿಸುತ್ತದೆ. ಅಡುಗೆ ಹೊಗೆಗೆ ಸುಳ್ಳು ಕೂಗು ಹಾಕುವುದೂ ಕಡಿಮೆ. ನಮ್ಮ ಮನೆಗಳಿಗೆ ಇದೇ ವಾಸಿ ಎಂಬುದು ನನ್ನ ಅಭಿಪ್ರಾಯ.

ಗ್ಯಾಸ್ ಸೋರಿಕೆ ಇದಕ್ಕೆ ತಿಳಿಯುವುದಿಲ್ಲ. ಅದರ ಅಲಾರಂ ಬೇರೆ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಆದ್ದರಿಂದ ಆ ಅಲಾರಂ ನೆಲದ ಹತ್ತಿರ ಇರಬೇಕು.

ತಿಂಗಳಿಗೊಮ್ಮೆ ಟೆಸ್ಟ್ ಬಟನ್ ಒತ್ತಿ ನೋಡಿ. ಮಲಗಿದಲ್ಲಿಗೆ ಅದರ ಸದ್ದು ಕೇಳಬೇಕು, ಕಿವಿ ಮಂದವಾದ ಅಜ್ಜ ಅಜ್ಜಿಗೂ ಕೇಳುತ್ತದಾ ಅಂತ ಗಮನಿಸಿ. ಧೂಳು, ಜೇಡರ ಬಲೆ, ಮಳೆಗಾಲದ ಹುಳಗಳು ಒಳಗೆ ಸೇರಿದರೆ ಸುಳ್ಳು ಕೂಗು ಜಾಸ್ತಿ. ಮೆತ್ತನೆಯ ಬ್ರಷ್ಷಿನಿಂದ ಒರೆಸಿದರೆ ಸಾಕು. ಆಗಾಗ 'ಚಿಕ್' ಎಂದರೆ ಹೆಚ್ಚಾಗಿ ಬ್ಯಾಟರಿ ಮುಗಿಯುತ್ತಾ ಬಂದಿದೆ ಎಂದರ್ಥ. ಕಿರಿಕಿರಿ ಅಂತ ಬ್ಯಾಟರಿ ತೆಗೆದಿಟ್ಟು ಮರೆತುಬಿಡಬೇಡಿ, ದಯವಿಟ್ಟು. ಅವತ್ತೇ ಹೊಸದು ಹಾಕಿ.

ನಿಜವಾಗಿ ಕೂಗಿದ ದಿನ ಪೆಟ್ಟಿಗೆ, ಪತ್ರ ಹುಡುಕುತ್ತಾ ನಿಲ್ಲಬೇಡಿ. ಹೊಗೆ ತುಂಬಿದ್ದರೆ ಬಗ್ಗಿಕೊಂಡು ಎಲ್ಲರೂ ಅಂಗಳಕ್ಕೆ ಬನ್ನಿ, ಅಲ್ಲಿಂದ ಅಗ್ನಿಶಾಮಕ ದಳದ 101ಕ್ಕೆ ಫೋನ್ ಮಾಡಿ. ಇನ್ನು, ಅಲಾರಂ ತಯಾರಾದ ತಾರೀಖು ಅದರ ಬೆನ್ನಲ್ಲೇ ಇರುತ್ತದೆ. ಅಲ್ಲಿಂದ 10 ವರ್ಷ ಕಳೆದರೆ, ಸದ್ದು ಸರಿ ಇದ್ದರೂ, ಅದನ್ನು ಬದಲಿಸಬೇಕು.